ಎಂಬತ್ತೆರಡು ಮೀಟರ್

ದಿನಾಂಕ ೧೮-೧೧-೨೦೨೪, ಸೋಮವಾರ, ಬೆಳಿಗ್ಗೆ ೯.೪೦. ಶಾಗ್ಯದಾಚೆಯ ಕೋಳಿ ಫಾರ್ಮಿನ ಮಾಲೀಕ ಮಹದೇವಪ್ರಸಾದ್ ಠಾಣೆಯ ಮೆಟ್ಟಿಲು ಹತ್ತುವಷ್ಟರಲ್ಲೇ ಅರ್ಧ ದೂರು ಹೇಳಿ ಮುಗಿಸಿದ್ದ.

"ನನ್ನ ಕೊಲ್ಲಕ್ಕೆ ನೋಡವ್ರೆ ಸಾ. ಸುಪಾರಿ ಕೊಟ್ಟವ್ರೆ. ಸದ್ದೇ ಬರ್ಲಿಲ್ಲ, ಸೈಲೆನ್ಸರ್ ಆಕವ್ರೆ!"

ಇನ್‌ಸ್ಪೆಕ್ಟರ್ ಷಡಕ್ಷರಿ ಪೆನ್ನಿನ ಕ್ಯಾಪು ತೆಗೆದ. "ಗುಂಡು ಎಲ್ಲಿಗೆ ಬಿತ್ತು?"

"ಕಂಬದ ಮೇಲಿನ ಕ್ಯಾಮೆರಾಕ್ಕೆ. ನಿನ್ನೆ ಸಂಜೆ ಐದೂವರೆಗೆ."

"ನೀವೆಲ್ಲಿದ್ರಿ?"

"ಆಫೀಸ್ ರೂಮಲ್ಲಿ. ಒಂದಿಪ್ಪತ್ತು ಮಾರು ಆಚೆ."

"ನಿಮ್ಮನ್ನ ಕೊಲ್ಲೋಕೆ ಬಂದವನು ಇಪ್ಪತ್ತು ಮಾರು ತಪ್ಪಿದ ಅನ್ನಿ."

ಮಹದೇವಪ್ರಸಾದ್ ಸುಪಾರಿಯನ್ನು ಕೈಬಿಟ್ಟ, ಕೊಲೆಯನ್ನು ಬಿಡಲಿಲ್ಲ. ಕಂಬದ ಬುಡದಲ್ಲಿ ವಾಚ್‌ಮನ್ ಬಿಳಿಗಿರಿ ಕೂತಿದ್ದನಂತೆ, ಗಾಜಿನ ಚೂರು ಅವನ ತಲೆಯ ಮೇಲೇ ಸುರಿದವಂತೆ. ಎಫ್‌ಐಆರ್ ದಾಖಲಾಯಿತು. ಅದರ ಶಾಯಿ ಒಣಗುವ ಮೊದಲೇ ಮೇಲಿನಿಂದ ಫೋನು ಬಂತು: ಕೊಲೆ ಯತ್ನದ ಸೆಕ್ಷನ್ ಇರಲಿ, ಬಿಎನ್‌ಎಸ್ ೧೦೯. ಹೊಡೆದವರು ಯಾರೇ ಆಗಲಿ, ಸೆಕ್ಷನ್ ನಿಂತರೆ ಹತ್ತು ವರ್ಷದವರೆಗೆ ಜೈಲು.

"ಸ್ಥಳ ನೋಡಿ ಹೇಳ್ತೀನಿ ಸರ್" ಎಂದು ಷಡಕ್ಷರಿ ಫೋನಿಟ್ಟ. ಯಾರೋ ಹೇಳಿಕೊಟ್ಟ ಸೆಕ್ಷನ್ ಬರೆಯುವುದೆಂದರೆ ಅವನಿಗೆ ಮೈಯುರಿ. ಆ ಗುಣದಿಂದಲೇ ಅವನಿಗೆ ಹದಿನಾರು ವರ್ಷದಲ್ಲಿ ಒಂಬತ್ತು ವರ್ಗಾವಣೆಯಾಗಿತ್ತು.

೧೧.೩೦ಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಶಿವನಂಜಯ್ಯ ಏಣಿ ಹತ್ತಿ, ಹದಿನಾಲ್ಕು ಅಡಿ ಕಂಬದಿಂದ ಕ್ಯಾಮೆರಾ ಇಳಿಸಿದ.

"ಸರಿಯಾಗಿ ಕಣ್ಣಿಗೇ ಬಡ್ದದೆ ಸಾ. ಕಾಸಗಲ ಆಚೆ ಈಚೆ ಇಲ್ಲ."

ಸೀಸದ ಗುಂಡು ಲೆನ್ಸಿನ ಗಾಜಿನ ನಟ್ಟನಡುವೆ ಹೊಕ್ಕು ಡಬ್ಬಿಯೊಳಗೇ ಚಪ್ಪಟೆಯಾಗಿ ಕೂತಿತ್ತು. ಪಾಯಿಂಟ್ ಟೂ ಟೂ, ಚಿಕ್ಕ ಬಂದೂಕಿನದು.

"ಈ ಕ್ಯಾಮೆರಾ ಯಾವ ಕಡೆ ನೋಡ್ತಿತ್ತು?" ಷಡಕ್ಷರಿ ಮಹದೇವಪ್ರಸಾದನನ್ನು ಮೆಲ್ಲಗೆ ಕೇಳಿದ.

"ಕೋಳಿ ಶೆಡ್ ಕಡೆ ಸಾ. ಇನ್ನೆಲ್ಲಿಗೆ? ನಾನೇನು ಬೇರೆ ಕಡೆ ತಿರುಗಿಸ್ತೀನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಬೇರೆ ಕಡೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಶೆಡ್ ಇದ್ದದ್ದು ಕಂಬದ ಉತ್ತರಕ್ಕೆ. ದಕ್ಷಿಣಕ್ಕೆ ಬೇಲಿ, ಬೇಲಿಯಾಚೆ ನೀರಿನ ತೊಟ್ಟಿ, ಮುಂದೆ ಶಿವರುದ್ರಸ್ವಾಮಿ ಎಂಬವರ ಹೊಲದ ಬದು. ಆ ಬದುವಿನ ಮೇಲೆ ಒಂದು ಖಾಲಿ ತೋಟಾ ಸಿಕ್ಕಿತ್ತು. ಕ್ಯಾಮೆರಾ ಶೆಡ್ ನೋಡುತ್ತಿದ್ದರೆ ಬದುವಿನಿಂದ ಬಂದ ಗುಂಡು ಅದರ ಬೆನ್ನಿಗೆ ಬಡಿಯಬೇಕಿತ್ತು. ಷಡಕ್ಷರಿ ಗುಂಡು ಹೊಕ್ಕ ಜಾಗವನ್ನು ಪಂಚರ ಎದುರು ಬರೆಸಿ ರುಜು ಹಾಕಿಸಿದ. ದೃಶ್ಯ ಸಂಗ್ರಹದ ಪೆಟ್ಟಿಗೆಯನ್ನೂ ಸೀಲ್ ಮಾಡಿಸಿದ.

ಬಿಳಿಗಿರಿ ಹೇಳಿಕೆ ಕೊಟ್ಟ. "ಒಂದ್ ಚಪ್ಪಾಳೆ ಒಡ್ದಂಗಾಯ್ತು ಸಾ. ತೆಂಗಿನ ಗರಿ ಬಿತ್ತು ಅನ್ಕಂಡೆ. ಆಮೇಲೆ ನೋಡುದ್ರೆ ತಲೆ ಮ್ಯಾಲೆ ಗಾಜು."

ಸೈಲೆನ್ಸರೂ ಇಲ್ಲ, ಮಣ್ಣೂ ಇಲ್ಲ. ಶಬ್ದಕ್ಕಿಂತ ನಿಧಾನ ಹೋಗುವ ಸಬ್‌ಸಾನಿಕ್ ಗುಂಡು ಅಂಥದು, ಗಾಳಿ ಸೀಳಿ ಸಿಡಿಲಿನ ಸದ್ದು ಮಾಡುವುದಿಲ್ಲ. ಆದರೆ ನಿಧಾನದ ಗುಂಡು ಬೇಗ ಕೆಳಗಿಳಿಯುತ್ತದೆ. ತೋಟಾ ಸಿಕ್ಕ ಜಾಗದಿಂದ ಕಂಬಕ್ಕೆ ಟೇಪು ಹಿಡಿದರು. ಎಂಬತ್ತೆರಡು ಮೀಟರ್.

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ತಂದು ಒಪ್ಪಿಸುವುದು ವಾಡಿಕೆ. ಏಪ್ರಿಲ್‌ನ ಆ ರಿಜಿಸ್ಟರ್ ತೆಗೆದರೆ, ಸುತ್ತಲಿನ ಊರುಗಳಿಗೆಲ್ಲ ಈ ಅಳತೆಯ ಬಂದೂಕು ಒಂದೇ. ಮಾಲೀಕ ಶಿವರುದ್ರಸ್ವಾಮಿ, ವಯಸ್ಸು ಎಪ್ಪತ್ತೊಂದು.

ಮಧ್ಯಾಹ್ನ ೩.೧೫. ಶಿವರುದ್ರಸ್ವಾಮಿ ಜಗಲಿಯ ಮೇಲೆ ಕಾದೇ ಕೂತಿದ್ದರು.

"ನಾನೇ ಒಡ್ದದ್ದು. ಅಂದಿ ಬಂದಿತ್ತು. ಗುರಿ ತಪ್ತು."

"ಹಂದಿ ಕಂಬ ಹತ್ತಿತ್ತಾ ಸ್ವಾಮಿ?"

ಸೊಸೆ ಮಾಲಿನಿ ಮಜ್ಜಿಗೆ ತಂದಿಟ್ಟು ಬಾಗಿಲ ಪಕ್ಕ ನಿಂತಳು.

"ಆ ಗಡಿಯಾರದಲ್ಲಿ ಗಂಟೆ ಎಷ್ಟು, ಹೇಳಿ." ಷಡಕ್ಷರಿ ಮುದುಕರಿಗೆ ಗೋಡೆ ತೋರಿಸಿದ.

ಅವರು ಗೋಡೆಯ ಕಡೆ ಕಣ್ಣು ಕಿರಿದು ಮಾಡಿದರು, ಕೈ ಅಡ್ಡ ಹಿಡಿದರು. ಎರಡು ಕಣ್ಣಿಗೂ ಪೊರೆ. ಗಡಿಯಾರದ ಪಕ್ಕದಲ್ಲೇ ಕೊಳ್ಳೇಗಾಲದ ಕಾಲೇಜಿನ ಎನ್‌ಸಿಸಿ ಫೋಟೊ ಇತ್ತು. ಸಮವಸ್ತ್ರದ ಹುಡುಗಿ, ಕೈಯಲ್ಲಿ ರೈಫಲ್, ಕೊರಳಲ್ಲಿ ಪದಕ. ಷಡಕ್ಷರಿ ಫೋಟೊ ನೋಡಿದ, ಬಾಗಿಲ ಕಡೆ ನೋಡಿದ. ಮಾಲಿನಿ ಕಣ್ಣು ತಗ್ಗಿಸಲಿಲ್ಲ.

ಬಂದೂಕು, ಸಬ್‌ಸಾನಿಕ್ ಗುಂಡಿನ ಪೆಟ್ಟಿಗೆ ಜಪ್ತಿಯಾದವು. ಹಿತ್ತಲ ಹುಣಸೆ ಮರಕ್ಕೆ ಅಡಿಕೆ ಹಾಳೆಯ ತಟ್ಟೆಯೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದು ಶಿವನಂಜಯ್ಯನ ಕಣ್ಣಿಗೆ ಬಿತ್ತು. ನಡುವೆ ಮಸಿಯ ಬೊಟ್ಟು. ಮೊದಲ ಮೂರು ತೂತು ಬೊಟ್ಟಿಗಿಂತ ಅರ್ಧ ಗೇಣು ಕೆಳಗೆ, ಆಮೇಲಿನವು ಒಂದೊಂದೇ ಬೆರಳು ಮೇಲೆ, ಕೊನೆಯ ಐದು ಬೊಟ್ಟಿನೊಳಗೇ. ಮರದಿಂದಾಚೆ ನೆಲದಲ್ಲಿ ಒಂದು ಗೂಟ.

"ಟೇಪು ಹಿಡೀರಿ" ಅಂದ ಷಡಕ್ಷರಿ.

"ಎಂಬತ್ತೆರಡೇ ಸಾ" ಅಂದ ಶಿವನಂಜಯ್ಯ. ಅವನ ದನಿ ಇಳಿದಿತ್ತು.

ಬಂದೂಕಿಗೆ ಝೀರೋ ಕಟ್ಟುವುದೆಂದರೆ ಇಷ್ಟೇ: ಯಾವ ದೂರದಲ್ಲಿ ಕಣ್ಣಿನ ಗುರಿಯೂ ಗುಂಡೂ ಒಂದೇ ಕಡೆ ಸೇರಬೇಕೋ ಅದನ್ನು ಆರಿಸಿ, ಹಿಂಬದಿಯ ಗುರಿಪಟ್ಟಿಯನ್ನು ಏರಿಸಿಯೋ ಇಳಿಸಿಯೋ ಬಿಗಿ ಮಾಡುವುದು. ಫೈರಿಂಗ್ ಮೈದಾನದವರು ಐವತ್ತಕ್ಕೆ ಕಟ್ಟುತ್ತಾರೆ. ಹೊಲ ಕಾಯುವವರು ಮೂವತ್ತಕ್ಕೆ. ಎಂಬತ್ತೆರಡಕ್ಕೆ ಭೂಮಿಯ ಮೇಲೆ ಯಾರೂ ಕಟ್ಟುವುದಿಲ್ಲ, ಎಂಬತ್ತೆರಡರಲ್ಲೇ ಏನೋ ಇದೆ ಎಂದು ಗೊತ್ತಿದ್ದವರ ಹೊರತು.

೨೦ನೇ ತಾರೀಕು ಪೊಲೀಸ್ ಮೈದಾನದಲ್ಲಿ ಪರೀಕ್ಷೆ ನಡೆಯಿತು. ಐವತ್ತು ಮೀಟರಿಗೆ ಗುಂಡು ಎಂಟು ಸೆಂಟಿಮೀಟರ್ ಮೇಲೆ ಬಡಿಯಿತು, ನೂರಕ್ಕೆ ಹತ್ತು ಸೆಂಟಿಮೀಟರ್ ಕೆಳಗೆ. ಎಂಬತ್ತೆರಡಕ್ಕೆ ಐದಕ್ಕೆ ಐದೂ ಬೊಟ್ಟಿನ ಮೇಲೆ. ಮಾಲಿನಿಯ ಅಪರಾಧ ರುಜುವಾಯಿತಲ್ಲ ಎಂದು ಷಡಕ್ಷರಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

೨೧ನೇ ತಾರೀಕು, ಬೆಳಿಗ್ಗೆ ೧೦.೨೦. ಮಹಿಳಾ ಕಾನ್‌ಸ್ಟೇಬಲ್ ಪವಿತ್ರ ಜೊತೆಗಿದ್ದಳು. ಮಾಲಿನಿ ಮಾವನಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಸುಮ್ಕಿರಿ ಮಾವ. ಅಂದಿ ಕತೆ ಸಾಕು. ನಾನೇ ಒಡ್ದದ್ದು ಸಾ."

"ಕೆಳಗೆ ಬಿಳಿಗಿರಿ ಇದ್ದದ್ದು ಗೊತ್ತಿತ್ತೇನಮ್ಮ?"

"ಗೊತ್ತಿತ್ತು. ಅದ್ಕೇ ಅಳ್ದು ಕಟ್ದೆ. ಬಂದೂಕು ಐವತ್ತಕ್ಕಿತ್ತು. ಅಂಗೇ ಒಡ್ದಿದ್ರೆ ಗುಂಡು ಅರ್ಧ ಗೇಣು ಕೆಳಕ್ಕೆ ಓಗಿ, ಕಂಬಕ್ಕೆ ಬಡ್ದು ಅವ್ನ ಮ್ಯಾಲೆ ಸಿಡೀತಿತ್ತು. ಅಂದಾಜ್ನಲ್ಲಿ ಮ್ಯಾಲಕ್ಕೆ ಇಡ್ದು ಒಡ್ಯಕ್ಕೆ ಮನ್ಸು ಬರ್ನಿಲ್ಲ. ಬಿಳಿಗಿರಿಯಣ್ಣಂಗೂ ಎಡ್ತಿ ಮಕ್ಕಳವ್ರೆ. ಕಂಬದ ಇಂದ್ಗಡೆ, ಶೆಡ್ಗಿಂತ ಎತ್ರುಕ್ಕೆ ಬಂಡೆ ಐತೆ, ತಪ್ಪುದ್ರೂ ಬಂಡೆಗೇ ಅಂತ ನೋಡ್ಕಂಡೆ ಒಡ್ದೆ."

"ಯಾಕೆ ಹೊಡೆದೆ?"

"ಎಂಗುಸ್ರು ಹೊಲ್ದಲ್ಲಿ ಬೆವ್ತು ಬಂದು ಆ ತೊಟ್ಟೀಲೇ ಮೀಯೋದು ಸಾ. ಮೂರ್ ಕಡೆ ಗೋಡೆ ಐತೆ. ಆಕಾಶದ ಕಡೆ ಗೋಡೆ ಕಟ್ಟಕ್ಕಾಯ್ತದಾ? ನಾವು ಮೀಯಕ್ಕೆ ಓದಾಗೆಲ್ಲ ಆ ಕ್ಯಾಮೆರಾ ಕತ್ತು ನಮ್ ಕಡೀಗೆ ತಿರುಗ್ತಿತ್ತು."

"ಠಾಣೆಗೆ ಬರಬೇಕಿತ್ತಲ್ಲ?"

ಅವಳು ನಕ್ಕಳು. ಆ ನಗು ಅವನಿಗೆ ಕಪಾಳಕ್ಕೆ ಬಾರಿಸಿದಂತಾಯಿತು.

"ಬಂದಿದ್ವಿ. ಆಗಸ್ಟ್ ಅನ್ನೆರಡ್ನೇ ತಾರೀಕು, ಅನ್ನೊಂದು ಜನ. ಅರ್ಜಿ ಮ್ಯಾಲೆ ನೀವೇ ಏನೋ ಗೀಚಿ ಕಳ್ಸುದ್ರಿ. ನಿಮ್ಗೆ ನಮ್ ಮುಖ ನೆಪ್ಪಿಲ್ಲ. ನಮ್ಗೆ ನಿಮ್ದು ನೆಪ್ಪೈತೆ. ಈಗ ಕ್ಯಾಮೆರಾ ಕಣ್ಣಿಗೆ ಬಿದ್ದ ಏಟ್ಗೆ ಜೀಪಾಕಂಡು ಮೂರ್ ಸತಿ ಬಂದ್ರಿ. ಕರ್ಕೊಂಡೋಗಿ ಸಾ, ಅದ್ಯಾವ ಜೈಲೋ ನೋಡ್ತೀನಿ."

ಆಚೆ ನಿಂತಿದ್ದ ಪವಿತ್ರ ತಲೆ ತಗ್ಗಿಸಿದಳು. ಕೈಕೋಳ ಬೇಡವೆಂದು ಷಡಕ್ಷರಿ ಸನ್ನೆ ಮಾಡಿದ. ೧೦.೫೦ಕ್ಕೆ ದಸ್ತಗಿರಿ ಎಂದು ಬರೆಯಲಾಯಿತು. ಮಾಲಿನಿ ಮಾವನ ಮಾತ್ರೆಗಳನ್ನು ಹೊತ್ತುಹೊತ್ತಿನ ಪ್ರಕಾರ ಜೋಡಿಸಿಟ್ಟು, ತಾನೇ ನಡೆದು ಜೀಪು ಹತ್ತಿದಳು.

ಠಾಣೆಯ ಬೀರುವಿನಲ್ಲಿ ಅರ್ಜಿ ಸಿಕ್ಕಿತು. ಆರು ರುಜು, ಐದು ಹೆಬ್ಬೆಟ್ಟು. ನೋಂದಣಿ ಸಂಖ್ಯೆ ಇಲ್ಲ, ಸ್ವೀಕೃತಿ ಇಲ್ಲ. ಅಂಚಿನಲ್ಲಿ "ತಿಳಿಹೇಳಿ ಮುಕ್ತಾಯಗೊಳಿಸಿ" ಎಂಬ ಕೈಬರಹ. ಷ ಅಕ್ಷರದ ಹೊಟ್ಟೆಯನ್ನು ಓರೆಗೆರೆಯಿಂದ ಸೀಳುವ ಆ ಚಿಕ್ಕ ರುಜು ಅವನದೇ.

ಮತ್ತೆ ಮೇಲಿನಿಂದ ಫೋನು ಬಂತು. ೧೦೯ ಯಾಕೆ ಕೈಬಿಟ್ಟಿದ್ದು?

"ಕೊಲ್ಲೋರು ಜೀವ ಉಳಿಸೋಕೆ ಅಂತ ಟೇಪು ಹಿಡಿದು ಝೀರೋ ಕಟ್ಟಲ್ಲ ಸರ್. ಪರೀಕ್ಷೆಯ ವರದಿ ಲಗತ್ತಿಸಿದೀನಿ. ಆಯುಧ ಕಾಯ್ದೆ, ಆಸ್ತಿ ನಷ್ಟ, ಅಷ್ಟೇ ನಿಲ್ಲೋದು. ಮಹದೇವಪ್ರಸಾದ್ ಮೇಲೆ ೭೭ನೇ ಸೆಕ್ಷನ್ ಹಾಕಿದೀನಿ, ಕದ್ದು ನೋಡಿದ್ದಕ್ಕೆ. ದೃಶ್ಯದ ಪೆಟ್ಟಿಗೆ ತೆರೆಸಿ ನೋಡಿದೆ, ಕೋಳಿ ಒಂದೂ ಇಲ್ಲ ಸರ್."

"ಹತ್ತನೇ ವರ್ಗಾವಣೆ ಬೇಕೇನ್ರಿ?"

"ಬರಲಿ ಸರ್."

ಸಂಜೆ ೪.೧೦ಕ್ಕೆ ಮಾಲಿನಿಯನ್ನು ಕೊಳ್ಳೇಗಾಲದ ನ್ಯಾಯಾಲಯಕ್ಕೆ ಹಾಜರುಪಡಿಸಲು ಜೀಪು ಹೊರಟಿತು. ಷಡಕ್ಷರಿ ಕೇಸ್ ಡೈರಿ ಎಳೆದುಕೊಂಡು ಕೂತ. ಕೃತ್ಯಕ್ಕೆ ಕಾರಣ ಎಂಬ ಕಡೆ ಬರೆದ: "ಮೂರು ತಿಂಗಳ ಹಿಂದೆ ಹನ್ನೊಂದು ಮಹಿಳೆಯರು ಕೊಟ್ಟ ಅರ್ಜಿಯ ಮೇಲೆ ಕ್ರಮ ಜರುಗಿಸದೆ ಇದ್ದುದು. ಲೋಪ ಎಸಗಿದ ಅಧಿಕಾರಿ:"

ಅಲ್ಲಿ ಚಿಕ್ಕ ರುಜು ಹಾಕದೆ ತನ್ನ ಹೆಸರನ್ನು ಪೂರ್ತಿ ಬರೆದು, ಶಿವನಂಜಯ್ಯನನ್ನು ಕರೆದು, ಒಂದು ಪ್ರತಿಯನ್ನು ಮಾಲಿನಿಯ ವಕೀಲರಿಗೆ ತಲುಪಿಸಲು ಹೇಳಿದ.