ಹತ್ತು ಕಿಲೋ ಹಿತ್ತಾಳೆ

ತೂಕ ಮತ್ತು ಅಳತೆಯ ಕಚೇರಿಯಲ್ಲಿ ಎಲ್ಲರೂ ಅವನನ್ನು ಕ್ವಿಂಟಾಲ್ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಎರಡು ಕಿಲೋದಷ್ಟು ಸುಳ್ಳಿತ್ತು, ಯಾಕೆಂದರೆ ಅವನ ತೂಕ ಸರಿಯಾಗಿ ತೊಂಬತ್ತೆಂಟು. ಮೊದಮೊದಲು ತಿದ್ದಿ ನೋಡಿದ್ದ. ತಿದ್ದಿದಷ್ಟೂ ನಗು ಜಾಸ್ತಿಯಾಯಿತೇ ಹೊರತು ಹೆಸರು ಹೋಗಲಿಲ್ಲ. ಹೆಸರಿನ ಮೇಲೆ ಅವನಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದದ್ದು ತನಗಿಲ್ಲದ ಕಿಟಕಿಯ ಮೇಲೆ.

ಹತ್ತೊಂಬತ್ತು ವರ್ಷದಿಂದ ಅವನು ನೆಲಮಾಳಿಗೆಯ ಉಗ್ರಾಣದಲ್ಲಿ ಕೂತಿದ್ದ. ಅಂಗಡಿಗಳಿಂದ ಜಪ್ತಿಯಾದ ಸುಳ್ಳು ತಕ್ಕಡಿಗಳು ಗೋಡೆಗೊರಗಿ ನಿಂತಿದ್ದವು. ನಡುವೆ ಅವನ ಮೇಜು, ಮೇಜಿನ ಹಿಂದೆ ಕಬ್ಬಿಣದ ಕಪಾಟು. ಹಗಲಿಗೂ ರಾತ್ರಿಗೂ ಅಲ್ಲಿ ಒಂದೇ ಟ್ಯೂಬ್‌ಲೈಟು. ಹೊರಗೆ ಮಳೆ ಬಂದಿದೆಯೇ ಇಲ್ಲವೇ ಎಂಬುದು ಅವನಿಗೆ ತಿಳಿಯುತ್ತಿದ್ದದ್ದು ಬಂದವರ ಚಪ್ಪಲಿ ನೋಡಿ. ಈಗ ಮೊದಲ ಮಹಡಿಯ ಮೂಲೆಯ ಕೋಣೆ ಖಾಲಿಯಾಗಿತ್ತು. ಅದಕ್ಕೊಂದು ದೊಡ್ಡ ಕಿಟಕಿ. ಕಿಟಕಿಯಾಚೆ ಒಂದು ಮರ, ಮರದಾಚೆ ರಸ್ತೆ, ರಸ್ತೆಯಲ್ಲಿ ಮನುಷ್ಯರು. ಅಷ್ಟು ಸಾಕಿತ್ತು ಅವನಿಗೆ.

ಅಡ್ಡ ಬಂದವನು ಸಿಳ್ಳೆ. ಅವನೂ ಅದೇ ವರ್ಷ ಕೆಲಸಕ್ಕೆ ಸೇರಿದವನು, ಅದೇ ದರ್ಜೆಯ ಪರೀಕ್ಷಕ, ಹೆಚ್ಚುಕಡಿಮೆ ಅದೇ ಸುತ್ತಳತೆ. ಹತ್ತೊಂಬತ್ತು ವರ್ಷದಿಂದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತು, ಸಿಳ್ಳೆ ಹಾಕುತ್ತ, ಎಲ್ಲರೊಂದಿಗೆ ನಗುತ್ತ ಇದ್ದವನು. ಇಬ್ಬರೂ ಬಯಸಿದ ವಸ್ತು ಯಾವಾಗಲೂ ಸಿಳ್ಳೆಗೇ ಸಿಕ್ಕಿತ್ತು. ಹೊಸ ಕುರ್ಚಿ ಅವನಿಗೆ, ಮೇಜಿನ ಫ್ಯಾನು ಅವನಿಗೆ, ಬೈಕು ನಿಲ್ಲಿಸಲು ನೆರಳಿರುವ ಜಾಗ ಅವನಿಗೆ. ಕೇಳದೆಯೇ ಸಿಗುತ್ತಿತ್ತು, ಅದೇ ಕ್ವಿಂಟಾಲನ ಹೊಟ್ಟೆ ಉರಿಸುತ್ತಿದ್ದದ್ದು.

ಮುಖ್ಯಾಧಿಕಾರಿ ಮೇಡಂ ಎರಡು ವಾರ ಕಡತ ತಿರುವಿದರು. ಇಬ್ಬರಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ನೌಕರರ ಆರೋಗ್ಯ ಸುಧಾರಿಸಬೇಕೆಂದು ಮೇಲಿನಿಂದ ಒಂದು ಸುತ್ತೋಲೆ ಬಂತು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡು ಅವರು ಇಬ್ಬರನ್ನೂ ಕರೆಸಿದರು.

“ಇಬ್ರಿಗೂ ಹತ್ತೊಂಬತ್ತು ವರ್ಷ ಸರ್ವಿಸ್ಸು, ಇಬ್ರಿಗೂ ಬೆಲ್ಟು ಸಾಲಲ್ಲ,” ಎಂದರು. “ಹತ್ತು ವಾರದಲ್ಲಿ ಯಾರು ಜಾಸ್ತಿ ಇಳೀತಾರೋ ರೂಮು ಅವರಿಗೆ.”

ಷರತ್ತುಗಳನ್ನು ಹೇಳಿದವಳು ಕಚೇರಿಗೆ ವಾರಕ್ಕೊಮ್ಮೆ ಬರುವ ನರ್ಸಮ್ಮ. ಪ್ರತಿ ಶುಕ್ರವಾರ ಹನ್ನೊಂದಕ್ಕೆ ಹಜಾರದ ಯಂತ್ರದ ಮೇಲೆ ತೂಗುವುದು. ದಿನವೂ ತಿಂದದ್ದರ ಕ್ಯಾಲೊರಿ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುವುದು. ವಾರಕ್ಕೆ ಒಂದು ಕಿಲೋಗಿಂತ ಹೆಚ್ಚು ಇಳಿದವರು ಉಪವಾಸ ಬಿದ್ದಿದ್ದಾರೆ ಅಥವಾ ಅವರಿಗೆ ಕಾಯಿಲೆಯಿದೆ ಎಂದರ್ಥ. ಅಂಥವರು ಸ್ಪರ್ಧೆಯಿಂದ ಹೊರಗೆ, ನೇರ ಆಸ್ಪತ್ರೆಗೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ವಾರಕ್ಕೊಂದು ಕಿಲೋ, ಹತ್ತು ವಾರ. ಉಗ್ರಾಣಕ್ಕೆ ಇಳಿಯುವ ಮೆಟ್ಟಿಲ ಮೇಲೆಯೇ ಕ್ವಿಂಟಾಲನಿಗೆ ಕಪಾಟಿನಲ್ಲಿದ್ದ ಪೆಟ್ಟಿಗೆ ನೆನಪಾಯಿತು.

ತೇಗದ ಮರದ ಪೆಟ್ಟಿಗೆ, ಒಳಗೆ ನೀಲಿ ಮಖಮಲ್ಲು, ಮಖಮಲ್ಲಿನ ಗುಳಿಗಳಲ್ಲಿ ಒಂದೊಂದು ಕಿಲೋದ ಹತ್ತು ಹಿತ್ತಾಳೆಯ ತೂಕದ ಬೊಟ್ಟುಗಳು. ಊರಿನ ಎಲ್ಲ ತೂಕಗಳಿಗೂ ಅವೇ ಪ್ರಮಾಣ. ಬೀದಿಗೆ ಹೋಗುವ ಪರೀಕ್ಷಕರು ತಮ್ಮ ತಮ್ಮ ಚಿಕ್ಕ ಚೀಲ ಒಯ್ಯುತ್ತಿದ್ದರು. ಈ ಪೆಟ್ಟಿಗೆ ಹೊರಬರುತ್ತಿದ್ದದ್ದು ಕಚೇರಿಯ ಸ್ವಂತ ಯಂತ್ರವನ್ನು ಪರೀಕ್ಷಿಸುವಾಗ ಮಾತ್ರ, ಅದೂ ವರ್ಷಕ್ಕೊಮ್ಮೆ. ಬೀಗದ ಕೈ ಅವನ ಬಳಿಯೇ ಇತ್ತು. ಪ್ರಮಾಣದ ತೂಕವನ್ನು ಅಪ್ಪಣೆಯಿಲ್ಲದೆ ಪೆಟ್ಟಿಗೆಯಿಂದ ತೆಗೆದರೆ ಕೆಲಸವೂ ಹೋಗುತ್ತದೆ, ಜೈಲೂ ಆಗುತ್ತದೆ. ಆ ಕಾನೂನಿನ ಪುಸ್ತಕವನ್ನು ಅವನೇ ಎಷ್ಟೋ ಅಂಗಡಿಯವರಿಗೆ ಕನ್ನಡಕ ಏರಿಸಿ ಓದಿ ಹೇಳಿದ್ದ.

ಯೋಜನೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿತ್ತು. ಮೊದಲ ದಿನ ಹತ್ತೂ ಬೊಟ್ಟುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಯಂತ್ರ ಹತ್ತಬೇಕು. ನೂರ ಎಂಟು ತೋರಿಸುತ್ತದೆ. ಆಮೇಲೆ ವಾರಕ್ಕೊಂದರಂತೆ ಪೆಟ್ಟಿಗೆಗೆ ಮರಳಿಸುತ್ತ ಹೋಗಬೇಕು. ಹತ್ತನೆಯ ಶುಕ್ರವಾರ ಯಂತ್ರ ತೊಂಬತ್ತೆಂಟು ತೋರಿಸುವಾಗ ಪೆಟ್ಟಿಗೆ ತುಂಬಿರುತ್ತದೆ, ಸೊಂಟ ಖಾಲಿಯಿರುತ್ತದೆ, ತೋರಿಸಿದ ತೂಕವೂ ಅಪ್ಪಟ ಸತ್ಯವಾಗಿರುತ್ತದೆ. ಕೊನೆಯ ದಿನ ಸುಳ್ಳೇ ಉಳಿಯದಂಥ ಮೋಸವನ್ನು ಬೇರೆ ಯಾರು ಯೋಚಿಸಿಯಾರು ಎಂದು ಅವನಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಹೆಂಡತಿ ಹೊಲಿಗೆ ಕೆಲಸದವಳು. ಬೆನ್ನುನೋವಿಗೆ ಎಂದು ಹೇಳಿ ಹತ್ತು ಜೇಬಿನ ದಪ್ಪ ಬಟ್ಟೆಯ ಪಟ್ಟಿ ಹೊಲಿಸಿಕೊಂಡ. ಬೆನ್ನುನೋವಿಗೆ ಹತ್ತು ಜೇಬು ಯಾಕೆಂದು ಅವಳು ಕೇಳಿದಳು. ಬಿಸಿನೀರಿನ ಬಾಟಲಿ ಇಡಲು ಎಂದ. ಇಂಥ ಗಂಡನನ್ನು ಕಟ್ಟಿಕೊಂಡ ಮೇಲೆ ಹತ್ತೇನು, ಇಪ್ಪತ್ತು ಜೇಬೂ ಹೊಲಿಯಬೇಕಾಗುತ್ತದೆ ಎಂದು ಗೊಣಗುತ್ತಲೇ ಜೋಡಿ ಹೊಲಿಗೆ ಹಾಕಿಕೊಟ್ಟಳು.

ಹತ್ತು ಕಿಲೋ ಹೊತ್ತು ಸಹಜವಾಗಿ ನಡೆಯುವುದು ಸುಲಭವಲ್ಲ. ಕ್ವಿಂಟಾಲ್ ಪಟ್ಟಿ ಕಟ್ಟಿಕೊಂಡು ದಿನಾ ಸಂಜೆ ಮನೆಯ ಮೆಟ್ಟಿಲು ಹತ್ತಿ ಇಳಿದು ಒಂದು ಗಂಟೆ ಅಭ್ಯಾಸ ಮಾಡಿದ. ಸ್ಪರ್ಧೆ ಶುರುವಾಗುವ ಶುಕ್ರವಾರ ಅಗಲದ ಅಂಗಿಯೊಳಗೆ ಪಟ್ಟಿ ಬಿಗಿದು, ಒಂದು ಸದ್ದೂ ಇಲ್ಲದೆ ಯಂತ್ರ ಹತ್ತಿದ. ನೂರ ಎಂಟು. ನರ್ಸಮ್ಮ ತಲೆ ಕೊಡವಿದಳು. ಸಿಳ್ಳೆ ನೂರ ಆರು ತೂಗಿ, ಎರಡು ಕಿಲೋದಲ್ಲಿ ತಾನೇ ಮುಂದೆ ಎಂದು ನಕ್ಕ. ನಗಲಿ ಎಂದುಕೊಂಡ ಕ್ವಿಂಟಾಲ್.

ಕ್ಯಾಲೊರಿ ಪುಸ್ತಕವನ್ನು ಸುಮ್ಮನೆ ಗೀಚಿ ತುಂಬಿಸುವುದೆಂದು ಅವನು ನಿರ್ಧರಿಸಿದ್ದ. ತೊಂದರೆ ಶುರುವಾದದ್ದೇ ಅಲ್ಲಿ. ಹತ್ತೊಂಬತ್ತು ವರ್ಷ ಅಳೆದು ಅಳೆದು ಬರೆದ ಕೈ, ಅಳೆಯದ ಅಂಕಿಯನ್ನು ಬರೆಯಲು ಒಪ್ಪಲಿಲ್ಲ. ಸೊಂಟದ ತುಂಬ ಮೋಸ ಕಟ್ಟಿಕೊಂಡವನಿಗೆ ಒಂದು ಬಿಸ್ಕತ್ತಿನ ಮುಂದೆ ಸುಳ್ಳು ಸಂಖ್ಯೆ ಬರೆಯಲು ಆಗಲಿಲ್ಲ. ಆದ್ದರಿಂದ ಬಿಸ್ಕತ್ತನ್ನು ಗಾಜಿನ ಪೆಟ್ಟಿಗೆಯ ಸೂಕ್ಷ್ಮ ತಕ್ಕಡಿಯಲ್ಲಿಟ್ಟ. ಮುಳ್ಳು ನಿಲ್ಲಲು ಮೂರು ನಿಮಿಷ. ಆಮೇಲೆ ಗುಣಾಕಾರ, ಆಮೇಲೆ ದಾಖಲೆ. ಒಂದು ಮುಗಿಯುವ ಹೊತ್ತಿಗೆ ಎರಡನೆಯದನ್ನು ತೂಗುವ ಉತ್ಸಾಹವೇ ಉಳಿಯುತ್ತಿರಲಿಲ್ಲ, ತೂಗದೆ ತಿನ್ನುವುದಂತೂ ನಿಯಮಬಾಹಿರ. ಹೀಗೆ ಒಂದೊಂದಾಗಿ ಬಿಸ್ಕತ್ತು ಬಿಟ್ಟುಹೋಯಿತು, ಕೇಕು ಬಿಟ್ಟುಹೋಯಿತು, ಊಟದ ಎರಡನೆಯ ಸುತ್ತು ಬಿಟ್ಟುಹೋಯಿತು. ಹಸಿವೆಯಾಗಲಿಲ್ಲ. ಬೇಸರವಾಗಿತ್ತು, ಅಷ್ಟೆ.

ಮೊದಲ ವಾರದ ಗುರುವಾರ ಉಗ್ರಾಣದಲ್ಲಿ, ಜಪ್ತಿಯಾದ ಆಲೂಗಡ್ಡೆ ಮೂಟೆ ತೂಗುವ ಮಾಪಕವೊಂದನ್ನು ಸರಿಪಡಿಸಿ, ಪಟ್ಟಿಯಿಲ್ಲದೆ ಹತ್ತಿ ನಿಂತ. ತೊಂಬತ್ತಾರು ಕಿಲೋ ಎಂಟುನೂರು ಗ್ರಾಂ. ಮಾಪಕ ಕೆಟ್ಟಿದೆ ಎಂದು ಮತ್ತೆ ಸರಿಪಡಿಸಿದ. ಮತ್ತೆ ಅದೇ. ಏನೂ ಕಷ್ಟಪಡದೆ ಒಂದು ಕಿಲೋ ಇನ್ನೂರು ಗ್ರಾಂ ಹೋಗಿತ್ತು. ಜನ ವರ್ಷಗಟ್ಟಲೆ ಓಡಿ, ಹಾರಿ, ಸೊಪ್ಪು ತಿಂದು ಕಳೆದುಕೊಳ್ಳಲಾಗದ್ದು ಇವನಿಗೆ ಜೇಬಿನಿಂದ ಬಿದ್ದ ಕರವಸ್ತ್ರದಂತೆ ಗೊತ್ತಿಲ್ಲದೆ ಕಳೆದುಹೋಗಿತ್ತು.

ಈಗ ಒಂದು ಬೊಟ್ಟು ಮರಳಿಸಿದರೆ ಒಂದೇ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಇಳಿದಂತೆ ಕಾಣುತ್ತದೆ. ಸ್ಪರ್ಧೆಯಿಂದ ಹೊರಗೆ, ಆಸ್ಪತ್ರೆಗೆ. ಅಲ್ಲಿ ಅಂಗಿ ಬಿಚ್ಚಿಸುತ್ತಾರೆ. ಕ್ವಿಂಟಾಲ್ ಹತ್ತೂ ಬೊಟ್ಟುಗಳನ್ನು ಹಾಗೇ ಉಳಿಸಿಕೊಂಡು, ಇನ್ನೂರು ಮಿಲಿ ನೀರು ಅಳೆದು ಕುಡಿದು ಯಂತ್ರ ಹತ್ತಿದ. ನೂರ ಏಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಮಾತು ಅವನಿಗೆ ಆಗ ನೆನಪಾಗಲಿಲ್ಲ.

ವಾರ ವಾರವೂ ಹೀಗೇ ಆಯಿತು. ಮೆಟ್ಟಿಲಿನ ಅಭ್ಯಾಸವೂ ತನ್ನ ಪಾಲು ಕರಗಿಸುತ್ತಿದೆ ಎಂದು ತಿಳಿದಾಗ ಅದನ್ನು ನಿಲ್ಲಿಸಿದ. ಇಳಿಯುವುದು ನಿಲ್ಲಲಿಲ್ಲ. ದಪ್ಪವಾಗಲು ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಭಾನುವಾರ ಇಡೀ ಕೇಕು ತಂದು, ಎಂಟು ತುಂಡು ಮಾಡಿ, ಎಂಟನ್ನೂ ತೂಗಿ ಬರೆದ. ಎರಡನೆಯ ತುಂಡಿಗೇ ಹೊಟ್ಟೆ ಸಾಕೆಂದಿತು. ಮೂರನೆಯದನ್ನು ಕಣ್ಣೀರಿಟ್ಟುಕೊಂಡು ನುಂಗಿದ. ಹೆಂಡತಿ ಉಳಿದದ್ದನ್ನು ಎತ್ತಿಟ್ಟು, ಹಳೆಯ ಕೋಟು ತಂದು ಅವನಿಗೆ ತೊಡಿಸಿ ಗುಂಡಿ ಹಾಕಿದಳು. ಗುಂಡಿ ಕೂತಿತು.

“ಮದುವೇಲಿ ಹಾಕಿದ್ದು ಇದು. ಆವತ್ತಿನ ಥರಾನೇ ಕಾಣ್ತಿದ್ದೀರ,” ಎಂದಳು. ಅವಳ ಕಣ್ಣು ತುಂಬಿತ್ತು. ಕ್ವಿಂಟಾಲನ ಕಣ್ಣೂ ತುಂಬಿತು, ಭಯದಿಂದ.

ಐದನೆಯ ವಾರ ಅವನಿಗೆ ಒಂದು ಉಪಾಯ ಹೊಳೆದದ್ದು ನಿಜ. ಹಿತ್ತಾಳೆಯನ್ನು ಪೆಟ್ಟಿಗೆಗೆ ಸೇರಿಸಿ, ಜೇಬಿಗೆ ಮರಳನ್ನೋ ಕಬ್ಬಿಣದ ಚೂರನ್ನೋ ತುಂಬಿಸಿದರಾಯಿತು. ಬೇರೆ ಯಾವ ಕಳ್ಳನೂ ಹಾಗೇ ಮಾಡುತ್ತಿದ್ದ. ಆದರೆ ಮರಳು ತೇವ ಹೀರುತ್ತದೆ, ಇವತ್ತಿನ ಕಿಲೋ ನಾಳೆ ಕಿಲೋ ಆಗಿರುವುದಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ. ಜಪ್ತಿಯಾದ ಬೊಟ್ಟುಗಳ ಹೊಟ್ಟೆ ಟೊಳ್ಳು, ಅವುಗಳನ್ನು ಮೈಗೆ ತಾಗಿಸಿಕೊಳ್ಳುವ ಯೋಚನೆಯೇ ಅವನಿಗೆ ಅಸಹ್ಯವಾಯಿತು. ಕೊಳಕು ಅಂಗಡಿಯವನ ಮಟ್ಟಕ್ಕೆ ಇಳಿಯಲು ಅವನು ತಯಾರಿರಲಿಲ್ಲ. ಮೋಸ ಮಾಡಿದರೂ ಸರಿಯಾದ ತೂಕದಲ್ಲಿ ಮಾಡಬೇಕು. ಹಿತ್ತಾಳೆ ಸೊಂಟದಲ್ಲೇ ಉಳಿಯಿತು, ನೀರು ಹೆಚ್ಚುತ್ತ ಹೋಯಿತು. ಐದನೆಯ ವಾರ ಒಂದು ಲೀಟರು, ಎಂಟನೆಯ ವಾರ ಒಂದೂವರೆ.

ಹತ್ತನೆಯ ಗುರುವಾರ ಆಲೂಗಡ್ಡೆ ಮಾಪಕ ಎಂಬತ್ತಾರು ತೋರಿಸಿತು. ಕ್ವಿಂಟಾಲ್ ತುಂಬ ಹೊತ್ತು ಅದರ ಮೇಲೆಯೇ ನಿಂತಿದ್ದ. ಹನ್ನೆರಡು ಕಿಲೋ ಹೋಗಿತ್ತು. ಪಟ್ಟಿ ಕಟ್ಟದೆ, ಪೆಟ್ಟಿಗೆ ಮುಟ್ಟದೆ, ದಿನಕ್ಕೆರಡು ಬಿಸ್ಕತ್ತು ಹೆಚ್ಚಿಗೆ ತಿಂದುಕೊಂಡು ಇದ್ದಿದ್ದರೂ ಕೋಣೆ ಅವನದೇ ಆಗುತ್ತಿತ್ತು. ಪ್ರಾಮಾಣಿಕವಾಗಿ ಗೆಲ್ಲಬಹುದಾಗಿದ್ದ ಸ್ಪರ್ಧೆಯಲ್ಲಿ ಅಪರಾಧ ಮಾಡಿ ಗೆಲ್ಲಬೇಕಾಗಿ ಬಂದದ್ದಕ್ಕೆ ಅವನಿಗೆ ನಿಜವಾಗಿಯೂ ದುಃಖವಾಯಿತು. ಇರಲಿ, ಇನ್ನೊಂದೇ ದಿನ. ನಾಳೆ ಹನ್ನೊಂದೂವರೆಗೆ ಗೆಲುವು, ಹನ್ನೆರಡಕ್ಕೆ ಹಿತ್ತಾಳೆ ಪೆಟ್ಟಿಗೆಯೊಳಗೆ, ಸೋಮವಾರ ಮೇಜು ಕಿಟಕಿಯ ಪಕ್ಕ. ಪಟ್ಟಿ ಬಿಚ್ಚಿದ ಮೇಲೆ ಬಟ್ಟೆ ಒಮ್ಮೆಲೇ ಸಡಿಲಾದದ್ದನ್ನು ಯಾರಾದರೂ ಕೇಳಿದರೆ ಹೆಂಡತಿಯ ಹೊಲಿಗೆಯ ಮೇಲೆ ಹಾಕಿದರಾಯಿತು.

ಶುಕ್ರವಾರ ಹಜಾರದಲ್ಲಿ ಇಡೀ ಕಚೇರಿ ನೆರೆದಿತ್ತು. ಕ್ವಿಂಟಾಲ್ ಹತ್ತು ಕಿಲೋ ಹಿತ್ತಾಳೆ, ಎರಡು ಲೀಟರು ನೀರು ಹೊತ್ತು, ಬೆವರುತ್ತ, ಕಾಲಿಗೆ ಕಾಲು ಒತ್ತಿಕೊಂಡು ನಿಂತಿದ್ದ. ಬೂಟು ಬಿಚ್ಚಿ ಮೊದಲು ಯಂತ್ರ ಹತ್ತಿದವನು ಸಿಳ್ಳೆ. ತೊಂಬತ್ತಾರು ಕಿಲೋ ಆರುನೂರು. ಒಟ್ಟು ಒಂಬತ್ತು ಕಿಲೋ ನಾನ್ನೂರು ಗ್ರಾಂ ಇಳಿದಿದ್ದ. ಚಪ್ಪಾಳೆ ಬಿತ್ತು. ಕ್ವಿಂಟಾಲ್ ಗೆಲ್ಲಲು ಬೇಕಾದದ್ದು ಕಳೆದ ವಾರದ ತೊಂಬತ್ತೊಂಬತ್ತು ಈ ವಾರ ತೊಂಬತ್ತೆಂಟಾಗುವುದು, ಅಷ್ಟೇ. ಅವನು ಗ್ರಾಂ ಲೆಕ್ಕದಲ್ಲಿ ಸಿದ್ಧನಾಗಿದ್ದ. ಸಿಳ್ಳೆ ಸೋತದ್ದು ಗೊತ್ತಾದವನಂತೆ ಅವನ ಕಡೆ ನೋಡಿ ನಕ್ಕ. ಮನೆಯಲ್ಲಿ ಮಕ್ಕಳು ತನ್ನ ಹೊಟ್ಟೆ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಾರೆ, ಕೋಣೆ ಯಾರಿಗಾದರೂ ಸಿಗಲಿ, ತನಗೆ ಇಷ್ಟೇ ಸಾಕು ಎಂದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕ್ವಿಂಟಾಲನಿಗೆ ಅವನು ಒಳ್ಳೆಯವನು ಅನಿಸಿತು. ಮೇಡಂ ಕೈ ತೋರಿಸಿ ಕರೆದರು. ಅವನು ಒಂದು ಹೆಜ್ಜೆ ಮುಂದಿಟ್ಟ.

ಆಗ ಸಿಳ್ಳೆ ತನ್ನ ಬೂಟಿನ ಲೇಸು ಕಟ್ಟಲು ಬಗ್ಗಿದ. ಹತ್ತು ವಾರದ ಹಿಂದೆ ಅವನ ಹೊಟ್ಟೆ ಅವನನ್ನು ಅಷ್ಟು ಬಗ್ಗಲು ಬಿಡುತ್ತಿರಲಿಲ್ಲ. ಈಗ ಮೂಗು ಯಂತ್ರದ ಬುಡಕ್ಕೆ ತಾಗುವಷ್ಟು ಬಗ್ಗಿದ. ತೂಕದ ಯಂತ್ರ ಕಣ್ಣೆದುರಿಗೆ ಬಂದರೆ ಮೊದಲು ಪರೀಕ್ಷೆಯ ಮುದ್ರೆ ನೋಡುವುದು ಆ ಕಚೇರಿಯವರ ರಕ್ತದಲ್ಲೇ ಇತ್ತು, ಅವನೂ ನೋಡಿದ. “ಒಂದ್ನಿಮಿಷ ಮೇಡಂ, ಇದರ ಮುದ್ರೆಯ ಅವಧಿ ನಿನ್ನೆಗೇ ಮುಗಿದಿದೆ,” ಎಂದ, ಮುದ್ರೆಯ ಪಕ್ಕದ ಸಹಿ ಕ್ವಿಂಟಾಲನದೇ ಎಂದೂ ಓದಿ ಹೇಳಿದ. ವರ್ಷದ ಹಿಂದೆ ಅದೇ ಪೆಟ್ಟಿಗೆ ತಂದು ಪರೀಕ್ಷಿಸಿ, ಅವಧಿಯ ತಾರೀಖನ್ನು ತನ್ನ ಕೈಯಾರೆ ಬರೆದದ್ದು ಕ್ವಿಂಟಾಲನಿಗೆ ಆಗ ನೆನಪಾಯಿತು. ಹತ್ತನೆಯ ವಾರಕ್ಕೆ ಪೆಟ್ಟಿಗೆ ತುಂಬಿರಬೇಕಾಗಿದ್ದ ಯೋಜನೆಯಲ್ಲಿ ಆ ತಾರೀಖಿಗೆ ಬೆಲೆಯೇ ಇರಲಿಲ್ಲ. ಮೇಡಂ ನಕ್ಕು, ಬೇರೆಯವರಿಗೆ ದಂಡ ಹಾಕುವ ನಾವೇ ಅವಧಿ ಮುಗಿದ ಯಂತ್ರದಲ್ಲಿ ತೂಗಿದರೆ ಚೆನ್ನಾಗಿರುವುದಿಲ್ಲ, ಪೆಟ್ಟಿಗೆ ತಂದು ಎಲ್ಲರೆದುರು ಪರೀಕ್ಷಿಸಿಯೇ ಬಿಡಿ ಎಂದರು. ಕ್ವಿಂಟಾಲ್ ಹೂಂ ಎಂದು ಮೆಟ್ಟಿಲ ಕಡೆ ತಿರುಗಿದ. ಕೆಳಗೆ ಎರಡೇ ನಿಮಿಷ ಒಬ್ಬನೇ ಸಿಕ್ಕರೆ ಸಾಕಿತ್ತು. ಲೇಸು ಕಟ್ಟಿ ಮುಗಿಸಿದ ಸಿಳ್ಳೆ ಓಡಿಬಂದು ಅವನ ಸೊಂಟ ಬಳಸಿ ಹಿಡಿದ. “ನಡೀರಿ, ನಾನೂ ಬರ್ತೀನಿ. ಇಷ್ಟು ಸೊರಗಿದ್ದೀರ, ಹತ್ತು ಕಿಲೋ ನೀವೊಬ್ರೇ ಹೊರೋದು ಬೇಡ.”