ಬೇವಿನ ಸಸಿಯ ಬುಡದ ಮಣ್ಣು

ಫೆಬ್ರವರಿ ಹತ್ತು, ಸೋಮವಾರ, ಬೆಳಿಗ್ಗೆ 11.15. ಮುದ್ದೇಬಿಹಾಳದಿಂದ ಬಂದ ಸುನಂದಾ ಎಂಬ ಹೆಣ್ಣುಮಗಳು ಸಿಂದಗಿ ಠಾಣೆಯಲ್ಲಿ ದೂರು ಕೊಟ್ಟಳು. ಮೋರಟಗಿಯಲ್ಲಿ ತವರಿನಿಂದ ಬಂದ ಎರಡು ಎಕರೆ ಹೊಲವನ್ನು ನೋಡಿಕೊಳ್ಳಲು ಕಾಕನ ಮಗ ಚೇತನಕುಮಾರನಿಗೆ ತನ್ನ ಪರವಾಗಿ ವ್ಯವಹರಿಸುವ ವಟಮುಖತ್ಯಾರ ಪತ್ರ ಬರೆದುಕೊಟ್ಟಿದ್ದಳು. ಆ ಹೊಲದ ಮೂಲೆಯ ಬೇವಿನ ಸಸಿಯ ಬುಡದಲ್ಲಿ, ಹಾವು ಕಚ್ಚಿ ಸತ್ತ ಸಾಕ್ಷಿ ಎಂಬ ಅವಳ ನಾಲ್ಕು ವರ್ಷದ ಮಗಳನ್ನು ಮಣ್ಣು ಮಾಡಿದ್ದರು. ಈಗ ಹೊಲಕ್ಕೆ ಜೆಸಿಬಿ ಬಂದಿದೆ ಎಂದು ಊರಿನಿಂದ ಫೋನು ಬಂದಿತ್ತು.

"ನನ್ನ ಕೂಸು ಅದಾಳ್ರಿ ಅಲ್ಲೆ. ನಿಲ್ಲಸ್ರಿ."

ಇನ್‌ಸ್ಪೆಕ್ಟರ್ ವಿದ್ಯಾವತಿ ಪತ್ರದ ಮೊದಲ ಹಾಳೆಯ ಮೇಲೆ ಕಣ್ಣಾಡಿಸಿದರು. "ನೀವ ಸಹಿ ಮಾಡಿ ಅಧಿಕಾರ ಕೊಟ್ಟೀರಿ. ಇದು ಸಿವಿಲ್ ವ್ಯಾಜ್ಯ. ಕೋರ್ಟಿಗೆ ಹೋಗ್ರಿ."

ನಮ್ಮ ಠಾಣೆಗಳಲ್ಲಿ ನೂರು ರೋಗಕ್ಕೂ ಇದೊಂದೇ ಗುಳಿಗೆ. ಸುನಂದಾ ಅದನ್ನು ನುಂಗಿ ಬಸ್ಸು ಹತ್ತಿದಳು.

ಹದಿಮೂರರಂದು, ಗುರುವಾರ, ಬೆಳಿಗ್ಗೆ 9.20ಕ್ಕೆ ಚೇತನಕುಮಾರನ ಹೆಂಡತಿ ಭಾಗ್ಯಜ್ಯೋತಿ ಎದೆ ಬಡಿದುಕೊಳ್ಳುತ್ತ ಠಾಣೆಗೆ ಬಂದಳು. ಅದೇ ಹೊಲದಲ್ಲಿ ಅವಳ ಗಂಡನ ಕೊಲೆಯಾಗಿತ್ತು. ಭಾರತೀಯ ನ್ಯಾಯ ಸಂಹಿತೆಯ ಕಲಂ 103ರಡಿ ಎಫ್‌ಐಆರ್ ದಾಖಲಾಯಿತು.

ಹೆಡ್ ಕಾನ್‌ಸ್ಟೇಬಲ್ ಅಬ್ದುಲಗನಿ ಪಂಚರ ಮುಂದೆ ಪಂಚನಾಮೆ ಬರೆದರು. ತಲೆಗೆ ಸಲಿಕೆಯ ಐದು ಏಟು. ಎಡಗಿವಿಯಿಂದ ದವಡೆಯವರೆಗೆ ಸೀಳು. ಏಟು ತಡೆಯಲು ಒಡ್ಡಿದ ಬಲಗೈಯ ಮೂರು ಬೆರಳು ತುಂಡು. ಬಾಯಿಯ ತುಂಬ, ಗಂಟಲವರೆಗೂ ಮಣ್ಣು.

"ಹೊಲದ ಮಣ್ಣ ಎಲ್ಲಿಗೆ ಹೋತು?" ವಿದ್ಯಾವತಿ ಭಾಗ್ಯಜ್ಯೋತಿಯನ್ನು ಕೇಳಿದರು.

"ಇಟ್ಟಂಗಿ ಭಟ್ಟಿಗೆ ಕೊಟ್ಟಾರ್ರಿ. ಪತ್ರದಾಗ ಎಲ್ಲಾ ಅಧಿಕಾರ ಐತಿ ಅಂತಿದ್ರು."

ವಿದ್ಯಾವತಿ ಸುನಂದಾಳ ದೂರಿನ ಜೊತೆಗಿದ್ದ ಪತ್ರದ ಪ್ರತಿಯನ್ನು ಈ ಸಲ ಪೂರ್ತಿ ಓದಿದರು. ಉಳುಮೆ ಮಾಡಿಸುವುದು, ಲಾವಣಿಗೆ ಎಂದರೆ ಗೇಣಿಗೆ ಕೊಡುವುದು, ಕಂದಾಯ ಕಟ್ಟುವುದು, ಅಷ್ಟೇ. ಮಣ್ಣು ಮಾರುವ ಮಾತು ಎಲ್ಲೂ ಇರಲಿಲ್ಲ. ಬರೆದುಕೊಟ್ಟವರ ಹಿತಕ್ಕೆ ಧಕ್ಕೆ ತರತಕ್ಕದ್ದಲ್ಲ ಎಂದು ಕೊನೆಗೆ ಬರೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತಡೆಯುವ ಕಾಗದ ಸೋಮವಾರವೇ ತಮ್ಮ ಕೈಗೆ ಬಂದಿತ್ತು ಎಂದು ಅವರಿಗೆ ಮೈಯೆಲ್ಲ ನಾಚಿಕೆಯಾಯಿತು.

ಮಧ್ಯಾಹ್ನ 12.40ಕ್ಕೆ ಮಣ್ಣು ಸಾಗಿಸಿದ ಟ್ರ್ಯಾಕ್ಟರಿನ ಮೋದಿನಸಾಬ ಸಿಕ್ಕ.

"ಮುಂಜಾನೆ ಯಾರನ್ನ ನೋಡಿದಿ?" ವಿದ್ಯಾವತಿ ಕೇಳಿದರು.

"ಸುನಂದಕ್ಕನ ಗಂಡ ಸೋಮನಿಂಗನ್ನ. ಅಂಗಿ ತುಂಬ ರಕ್ತ ಇತ್ರಿ. ಸಸಿ ಬುಡದ ಮಣ್ಣ ಎಲ್ಲಿ ಹಾಕಿದಿ ಅಂತ ಕೇಳಿದ. ಭಟ್ಟ್ಯಾಗ ಅಂದೆ. ಓಡಿದ."

"ಠಾಣೆಗೆ ಯಾಕ ಹೇಳಲಿಲ್ಲ?"

"ಅಂಜಿದ್ನಿರಿ."

ಪರವಾನಗಿ ಇಲ್ಲದ ಮಣ್ಣಾದ್ದರಿಂದ ಭಟ್ಟಿಯ ಮಾಲೀಕ ಪ್ರೇಮಕುಮಾರನೂ ತುಟಿ ಬಿಚ್ಚಿರಲಿಲ್ಲ. ಪೊಲೀಸ್ ಜೀಪು ಭಟ್ಟಿಗೆ ಬಂದಾಗ ಕೂಲಿಯವರು ದೂರ ನಿಂತಿದ್ದರು. ಸೋಮನಿಂಗ ಮಣ್ಣಿನ ಗುಡ್ಡೆಯಲ್ಲಿ ಮೊಣಕಾಲೂರಿ, ಒಂದೊಂದೇ ಹೆಂಟೆಯನ್ನು ಕೈಯಿಂದ ಪುಡಿ ಮಾಡಿ ನೋಡುತ್ತಿದ್ದ. ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ಪೊಲೀಸರನ್ನು ಕಂಡು ತಾನೇ ಕೈ ಮುಂದೆ ಮಾಡಿದ. 1.50ಕ್ಕೆ ಬಂಧನವಾಯಿತು.

"ಯಾಕ ಹೊಡದಿ?" ಎಂದರು ವಿದ್ಯಾವತಿ.

"ಕೂಸು ಎಲ್ಲಿ ಅಂತ ಕೇಳಿದ್ನಿರಿ. ಇಷ್ಟೊತ್ತಿಗೆ ಇಟ್ಟಂಗಿ ಆಗಿರಬೇಕು ಅಂತ ನಕ್ಕ. ಸಲಿಕಿ ಕೈಯಾಗ ಇತ್ತು." ಅವನು ಭಟ್ಟಿಯ ಕಡೆ ತಿರುಗಿದ. "ನನ್ನ ಎಲ್ಲಿಗೆರ ಒಯ್ರಿ. ಭಟ್ಟಿಗೆ ಬೆಂಕಿ ಹಚ್ಚಬ್ಯಾಡ ಅಂತ ಹೇಳ್ರಿ ಇವರಿಗೆ."

"ಕುಣಿ ಎಷ್ಟ ಆಳ ತಗದಿದ್ದಿ?"

"ಎದಿಮಟ ತಗದಿದ್ನಿರಿ. ನಾಯಿ ಕೆದರಬಾರದಂತ."

ಹಸಿ ಇಟ್ಟಂಗಿಯನ್ನೆಲ್ಲ ವಿದ್ಯಾವತಿ ಪ್ರಕರಣದ ಸಾಕ್ಷ್ಯವಸ್ತು, ಮುದ್ದೆಮಾಲು ಎಂದು ಜಪ್ತಿ ಮಾಡಿದರು. ಮರುದಿನ ತಹಶೀಲ್ದಾರರ ಸಮಕ್ಷಮ ಹೊಲ ಅಳೆಸಿದರು. ಜೆಸಿಬಿ ಎರಡೇ ಅಡಿ ಮಣ್ಣು ತೆಗೆದಿತ್ತು. ಸಸಿ ಕಿತ್ತ ಜಾಗದಲ್ಲಿ ಇನ್ನೆರಡು ಅಡಿ ಮೆಲ್ಲಗೆ ತೋಡಿದಾಗ ಸಣ್ಣದೊಂದು ಹಸಿರು ಬಳೆ ಕಾಣಿಸಿತು. ವಿದ್ಯಾವತಿ ಅಲ್ಲಿಗೇ ನಿಲ್ಲಿಸಿ, ಮತ್ತೆ ಮುಚ್ಚಿಸಿದರು. ಚೇತನಕುಮಾರ ಗೊತ್ತಿಲ್ಲದೆ ಆಡಿದ ಒಂದು ಕೊಂಕಿಗೆ ಪ್ರಾಣ ತೆತ್ತಿದ್ದ.

ಸೋಮನಿಂಗನಿಗೆ ಆ ಹೊಲದಲ್ಲಿ ಹಕ್ಕೂ ಇರಲಿಲ್ಲ, ಆಸೆಯೂ ಇರಲಿಲ್ಲ. ಕೋರ್ಟು ಅವನನ್ನು ಪೊಲೀಸ್ ವಶಕ್ಕೆ ಕೊಟ್ಟಿತ್ತು. ಸಂಜೆ ವಿದ್ಯಾವತಿ ತಾವೇ ಲಾಕಪ್ಪಿಗೆ ಹೋಗಿ ಬಳೆಯ ಸಂಗತಿ ಹೇಳಿದರು.

ಅವನು ಎದ್ದು ಸರಳಿನ ಹತ್ತಿರ ಬಂದ.

"ಸುನಂದಾಗ ಹೇಳೀರೇನ್ರಿ?" ಎಂದ. "ಮೊದಲ ಆಕಿಗೆ ಹೇಳ್ರಿ. ಸೋಮವಾರದಿಂದ ಉಂಡಿಲ್ರಿ ಆಕಿ."