ಮುಳುಗಿದವನು ನಕ್ಕ ರೀಲು

ಪಟ್, ಪಟ್, ಪಟ್. ರೀಲು ಮುಗಿದು ಅದರ ತುದಿ ಚಕ್ರಕ್ಕೆ ಬಡಿಯುವ ಸಪ್ಪಳ. ಸೆಕೆಂಡ್ ಶೋದ ಆ ಹೊತ್ತಿನಲ್ಲಿ ವಾಡಿಯ ಟೂರಿಂಗ್ ಟಾಕೀಸಿನೊಳಗೆ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ನೀಲಾಬಾಯಿಯ ಎದೆ ಮಾತ್ರ ಅದರ ಜೊತೆ ಬಡಿಯಿತು.

ಇದ್ದದ್ದು ಒಂದೇ ಮಷೀನು. ರೀಲು ಬದಲಿಸುವಾಗಲೆಲ್ಲ ಟೆಂಟಿನ ದೀಪ ಹತ್ತಬೇಕು. ಹತ್ತಿದಾಗಲೆಲ್ಲ ಆಪರೇಟರ್ ಚಂದ್ರಾಮ ಕೈ ಒರೆಸಿಕೊಳ್ಳುವ ನೆಪದಲ್ಲಿ ಮಷೀನಿನ ಕೋಣೆಯ ಬಾಗಿಲಿಗೆ ಬರುತ್ತಿದ್ದ. ಹೆಂಗಸರ ಕಡೆ ಕುಳಿತ ಅವಳು, ಸರಿಯಾಗಿಯೇ ಇದ್ದ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು.

ಇದೇ ಇಂಗ್ಲಿಷ್ ಪಿಕ್ಚರನ್ನು ಸಣ್ಣವಳಿದ್ದಾಗ ಇದೇ ಬಯಲಲ್ಲಿ ನೋಡಿದ್ದಳು. ಸಮುದ್ರದ ತಳ, ಮುರಿದ ಹಡಗು, ಹಿತ್ತಾಳೆ ಟೋಪಿ ತೊಟ್ಟು ಮುಳುಗಿದವನ ಗಾಳಿಯ ಕೊಳವೆ ಹರಿದು ಅವನು ಸಾಯುವುದು. ಆಮೇಲೆ ಅವನೇ ದೋಣಿಯಲ್ಲಿ ತಲೆ ಒರೆಸಿಕೊಳ್ಳುತ್ತ ನಗುವುದು! ಸಮುದ್ರವೆಂದರೆ ಮುಳುಗಿದವರನ್ನು ತಿರುಗಿ ಕೊಡುವ ಜಾಗ ಎಂದು ನಂಬಿದ್ದಳು. ಬಿ.ಎ. ಮುಗಿಸಿ ಟೀಚರ್ ಆದರೂ ಆ ನಂಬಿಕೆ ಪೂರ್ತಿ ಹೋಗಿರಲಿಲ್ಲ.

ಇಂದೂ ಪರದೆಯ ಮೇಲೆ ಅವನು ಸತ್ತ. ಗೆಳೆಯರು ಸಮುದ್ರಕ್ಕೆ ಹೂವು ಹಾಕಿದರು. ದೀಪ ಹತ್ತಿತು.

ಅವಳು ಎದ್ದು, ಗಂಡಸರ ಹೆಂಗಸರ ನಡುವೆ ಕಟ್ಟಿದ ಹಗ್ಗದ ಹತ್ತಿರವಿದ್ದ ನೀರಿನ ಹರವಿಗೆ ಹೋದಳು. ಹಗ್ಗದ ಆಚೆ ಚಂದ್ರಾಮ ಬಂದು ನಿಂತ. ಒಂದೇ ಕ್ಲಾಸಿನಲ್ಲಿ ಓದಿದವನು.

"ಟೀಚರ್ ಬಾಯಾರು ಅಳಾಕತ್ತೀರೇನ್ರಿ?"

"ಅಂವ ಸತ್ತೇ ಹೋದನಲ್ಲೋ."

"ಅವಾಗೂ ಸತ್ತಿದ್ದ. ನಮ್ಮಪ್ಪ ರೀಲು ಹಿಂದುಮುಂದು ಹಾಕಿದ್ದ. ಮಂದಿ ಎಲ್ಲಾ ನಕ್ಕಿತ್ತು, ನೀ ಒಬ್ಬಾಕಿ ಚಪ್ಪಾಳಿ ಹೊಡದಿದ್ದಿ."

"ಇಷ್ಟು ನೆನಪದ ನಿನಗ?"

"ನಾ ಅವತ್ತು ಪಿಕ್ಚರ್ ಎಲ್ಲಿ ನೋಡಾಕತ್ತಿದ್ದೆ?"

ಅವಳು ಲೋಟವನ್ನು ಹರವಿಯ ಮೇಲೆ ಇಟ್ಟಳು. ಅವನ ಮನೆಯ ನೀರು ಅವಳ ಮನೆಯಲ್ಲಿ ನಡೆಯುತ್ತಿರಲಿಲ್ಲ. ಇಬ್ಬರಿಗೂ ಅದು ಸಣ್ಣವರಿದ್ದಾಗಿಂದ ಗೊತ್ತು.

"ನಾಳಿಗಿ ಸೇಡಂದ ಗಂಡಿನವರು ನಿಶ್ಚಯಕ್ಕ ಬರ್ತಾರ," ಎಂದಳು.

ಅವನು ಹಗ್ಗದ ಸಡಿಲಾದ ಗಂಟನ್ನು ಬಿಗಿ ಮಾಡಿದ. "ನಮ್ಮ ಟೆಂಟೂ ನಾಳಿಗೇ ಚಿಂಚೋಳಿಗಿ ಹೊಂಟದ. ಹೋಗಿ ಕುಂದ್ರು. ಇನ್ನೊಂದು ರೀಲದ."

ಕತ್ತಲಾಯಿತು. ಪರದೆಯ ಮೇಲೆ ಬಿಸಿಲು, ದೋಣಿ. ಸತ್ತವನು ತಲೆ ಒರೆಸಿಕೊಳ್ಳುತ್ತ ನಕ್ಕ.

"ಏ, ಹೆಣ ಎದ್ದು ಬಂತಲೇ!" ಸಿಳ್ಳು, ಕೂಗಾಟ. ಟೆಂಟಿನ ಮಾಲೀಕ ಶೌಕತ ಅಲಿ ಎಲ್ಲರೆದುರು ಬೈದ: "ಒಂದು ದಿನಾ ತಪ್ಪದಂವ, ಇವತ್ತ ಕಣ್ಣಾಗ ಮಣ್ಣು ಬಿತ್ತೇನಲೇ?"

"ತಪ್ಪಾತ್ರಿ ಸಾಹೇಬ್ರ."

ಚಂದ್ರಾಮನ ದನಿಯಲ್ಲಿ ಪಶ್ಚಾತ್ತಾಪ ಇರಲಿಲ್ಲ. ನೀಲಾಬಾಯಿ ಕತ್ತಲಲ್ಲಿ ಎರಡೂ ಅಂಗೈಗಳನ್ನು ಸಪ್ಪಳವಿಲ್ಲದೆ ಕೂಡಿಸಿದಳು. ಮತ್ತೆ ಕೂಡಿಸಿದಳು. ಮುಳುಗಿದವನು ನಗುತ್ತಲೇ ಇದ್ದ.

ಮನೆಗೆ ಹೋಗುವ ದಾರಿಯಲ್ಲಿ ಪಕ್ಕದ ಮನೆಯ ಖುರ್ಷಿದಬೇಗಂ ಕೇಳಿದಳು: "ಸತ್ತಂವ ಹ್ಯಾಂಗ ಬಂದ ಬೇಟಿ? ನೀ ಓದಿದಾಕಿ, ಹೇಳು."

ಹಿಂದೆ ಟೆಂಟಿನ ಗೂಟ ಕೀಳುವ ಸದ್ದು ಶುರುವಾಗಿತ್ತು.

"ನನಗ ನಿದ್ದಿ ಹತ್ತಿತ್ತು ಖಾಲಾ, ನೋಡಲಿಲ್ಲ," ಎಂದಳು ನೀಲಾಬಾಯಿ. ಸತ್ತವನು ಯಾಕೆ ಎದ್ದು ಬಂದನೆಂದು ನಾಳೆ ಬರುವವನಿಗೂ ಹೇಳುವುದಿಲ್ಲ, ಮುಂದೆ ಹುಟ್ಟುವ ಮಕ್ಕಳಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ, ರೈಲು ಗೇಟಿನ ಹತ್ತಿರ, ನಿಶ್ಚಯ ಮಾಡಿಕೊಂಡಳು.